‘ದೇವರ ಭಾಷೆ’ಯನ್ನು ಮತ್ತೊಮ್ಮೆ ಓದುವಾಗ

ನಿಮ್ಮ ಮನೆಯಲ್ಲಿ ಪಿ.ಯು.ಸಿ. ವಿಜ್ಞಾನ ಓದುವ ಮಗನೋ ಮಗಳೋ ಇದ್ದರೆ ಒಂದು ಪ್ರಶ್ನೆ ಇಂದಲ್ಲ ನಾಳೆ ನಿಮ್ಮ ಮುಂದೆ ಬಂದೇ ಬರುತ್ತದೆ. ದ್ವಿತೀಯ ವರ್ಷದ ಜೀವಶಾಸ್ತ್ರದ ಪುಸ್ತಕದಲ್ಲಿ ಜೀವವಿಕಾಸದ ಕುರಿತು ಒಂದು ಅಧ್ಯಾಯವೇ ಇದೆ. ಅದನ್ನು ಓದುತ್ತಿರುವ ಮಗು ಭಾನುವಾರದ ಜ್ಞಾನೋಪದೇಶದಲ್ಲಿ ಆದಿಕಾಂಡದ ಸೃಷ್ಟಿಯ ವೃತ್ತಾಂತವನ್ನು ಕೇಳಿ ಬೆಳೆದಿರುತ್ತದೆ. ಇವೆರಡರಲ್ಲಿ ಯಾವುದು ನಿಜ ಎಂದು ಅದು ಕೇಳಿದಾಗ, ‘ಪರೀಕ್ಷೆಗೆ ಅದನ್ನು ಬರೆ, ಮನಸ್ಸಿನಲ್ಲಿ ಇದನ್ನು ಇಟ್ಟುಕೋ’ ಎಂದು ಹೇಳಿ ಪಾರಾಗುವ ತಂದೆತಾಯಿಯರು ನಮ್ಮಲ್ಲಿ ಕಡಿಮೆಯಿಲ್ಲ. ಆ ಉತ್ತರದಿಂದ ಮಗು ಕಲಿಯುವುದು ಒಂದೇ ಪಾಠ: ವಿಶ್ವಾಸವೆಂದರೆ ಪ್ರಶ್ನೆ ಕೇಳದಿದ್ದಾಗ ಮಾತ್ರ ಉಳಿಯುವ ವಸ್ತು ಎಂಬುದು.

ಈ ಕಾರಣದಿಂದಲೇ ಒಂದು ಪುಸ್ತಕವನ್ನು ನಿಮ್ಮೊಡನೆ ಕುಳಿತು ಮತ್ತೆ ಓದಬೇಕೆನಿಸಿತು. ಅಮೆರಿಕದ ವಿಜ್ಞಾನಿ ಫ್ರಾನ್ಸಿಸ್ ಕಾಲಿನ್ಸ್ ಅವರು 2006ರಲ್ಲಿ ಪ್ರಕಟಿಸಿದ ‘ದ ಲ್ಯಾಂಗ್ವೇಜ್ ಆಫ್ ಗಾಡ್’, ಅಂದರೆ ‘ದೇವರ ಭಾಷೆ’ ಎಂಬ ಕೃತಿ ಅದು. ಪ್ರಕಟವಾದ ದಿನದಿಂದ ಅದು ಕ್ರೈಸ್ತ ಕುಟುಂಬಗಳಲ್ಲಿ ಕೈಯಿಂದ ಕೈಗೆ ದಾಟಿದೆ. ಆದರೆ ಅದರ ನಂತರದ ವರ್ಷಗಳಲ್ಲಿ ತಳಿವಿಜ್ಞಾನವೂ ಪ್ರಾಣಿಶಾಸ್ತ್ರವೂ ಬಹುದೂರ ನಡೆದಿವೆ. ಆದುದರಿಂದ ಇದರಲ್ಲಿ ಯಾವುದು ಇಂದಿಗೂ ಗಟ್ಟಿಯಾಗಿ ನಿಂತಿದೆ, ಯಾವುದು ಸಡಿಲಗೊಂಡಿದೆ ಎಂದು ಪರಿಶೀಲಿಸುವುದು ನಮ್ಮ ಕರ್ತವ್ಯವೂ ಹೌದು.

ಲೇಖಕರು ಮತ್ತು ಅವರ ಸಾಕ್ಷ್ಯ

ಕಾಲಿನ್ಸ್ ಅವರು ಸಾಮಾನ್ಯ ವಿಜ್ಞಾನಿಯಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಮಾರಕ ಕಾಯಿಲೆಗೆ ಕಾರಣವಾದ ವಂಶವಾಹಿಯನ್ನು 1989ರಲ್ಲಿ ಪತ್ತೆಹಚ್ಚಿದವರಲ್ಲಿ ಅವರೊಬ್ಬರು. ಮಾನವ ಜಿನೋಮ್ ಯೋಜನೆಯ ನೇತೃತ್ವವನ್ನು ವಹಿಸಿ, 2000ದ ಜೂನ್ 26ರಂದು ಅದರ ಕರಡನ್ನು ಅಮೆರಿಕದ ಅಧ್ಯಕ್ಷರ ಸಮ್ಮುಖದಲ್ಲಿ ಲೋಕಕ್ಕೆ ಪ್ರಕಟಿಸಿದವರು. 2003ರಲ್ಲಿ ಆ ಯೋಜನೆ ಪೂರ್ಣಗೊಂಡಿತು. 2009ರಿಂದ 2021ರವರೆಗೆ ಅವರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನಿರ್ದೇಶಕರಾಗಿದ್ದರು. ಕಥೋಲಿಕರಲ್ಲದ ಅವರನ್ನು ಪೋಪ್ ಹದಿನಾರನೆಯ ಬೆನೆಡಿಕ್ಟರು 2009ರಲ್ಲಿ ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯ ಸದಸ್ಯರನ್ನಾಗಿ ನೇಮಿಸಿದರು.

ಇಂಥವರು ಯೌವನದಲ್ಲಿ ನಾಸ್ತಿಕರಾಗಿದ್ದರೆಂಬುದನ್ನು ಪುಸ್ತಕದ ಮೊದಲ ಭಾಗ ಹೇಳುತ್ತದೆ. ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ, ತೀವ್ರ ಹೃದಯಬೇನೆಯಿಂದ ನರಳುತ್ತಿದ್ದ ವೃದ್ಧೆಯೊಬ್ಬರು ತಮ್ಮ ವಿಶ್ವಾಸವನ್ನು ಹಂಚಿಕೊಂಡು, ನೀವು ಏನನ್ನು ನಂಬುತ್ತೀರಿ ಎಂದು ಅವರನ್ನು ಕೇಳಿದರಂತೆ. ಆ ಪ್ರಶ್ನೆಗೆ ತಮ್ಮಲ್ಲಿ ಉತ್ತರವಿಲ್ಲವೆಂಬ ಅರಿವು ಅವರನ್ನು ಸಿ. ಎಸ್. ಲೂಯಿಸ್ ಅವರ ಬರಹಗಳ ಕಡೆಗೆ ಒಯ್ದು, 27ನೆಯ ವಯಸ್ಸಿನಲ್ಲಿ ಕ್ರಿಸ್ತ ವಿಶ್ವಾಸಕ್ಕೆ ತಂದಿತು. ಈ ಭಾಗದಲ್ಲಿ ಆಡಂಬರವಿಲ್ಲ. ಪಂಡಿತನೊಬ್ಬ ರೋಗಿಯ ಹಾಸಿಗೆಯ ಪಕ್ಕದಲ್ಲಿ ಶಿಷ್ಯನಾದ ಬಗೆಯನ್ನು ಸರಳವಾಗಿ ಬರೆದಿದ್ದಾರೆ.

ಪುಸ್ತಕದ ನಿಜವಾದ ಬಲವಿರುವುದು ಅದರ ನಡುವಿನ ಅಧ್ಯಾಯಗಳಲ್ಲಿ. ನಮ್ಮ ಪ್ರತಿಯೊಂದು ಜೀವಕೋಶದಲ್ಲಿಯೂ ಇರುವ ಡಿ.ಎನ್.ಎ.ಯ ಸುಮಾರು 300 ಕೋಟಿ ಅಕ್ಷರಗಳ ಬರಹವನ್ನು ಓದಿದ ಮೇಲೆ, ಮನುಷ್ಯನೂ ಇತರ ಪ್ರಾಣಿಗಳೂ ಒಂದೇ ಮೂಲದಿಂದ ಬಂದವರೆಂಬುದನ್ನು ಅಲ್ಲಗಳೆಯಲು ತಮ್ಮಿಂದ ಸಾಧ್ಯವಿಲ್ಲ ಎಂದು ಕಾಲಿನ್ಸ್ ಸ್ಪಷ್ಟವಾಗಿ ಹೇಳುತ್ತಾರೆ. ಅವರು ಕೊಡುವ ಒಂದು ನಿದರ್ಶನವನ್ನು ನೋಡಿ. ಚಿಂಪಾಂಜಿ, ಗೊರಿಲ್ಲಾಗಳಲ್ಲಿ 48 ವರ್ಣತಂತುಗಳಿವೆ. ನಮ್ಮಲ್ಲಿರುವುದು 46. ಉಳಿದ ಎರಡು ಎಲ್ಲಿ ಹೋದವು? ಮನುಷ್ಯನ ಎರಡನೆಯ ವರ್ಣತಂತುವನ್ನು ಪರೀಕ್ಷಿಸಿದಾಗ, ಸಾಮಾನ್ಯವಾಗಿ ವರ್ಣತಂತುವಿನ ತುದಿಯಲ್ಲಿ ಮಾತ್ರ ಕಾಣಬೇಕಾದ ಬರಹ ಅದರ ನಡುವೆ ಕಾಣಿಸಿತು. ಎರಡು ಹಳೆಯ ವರ್ಣತಂತುಗಳು ತುದಿಗೆ ತುದಿ ಬೆಸೆದುಕೊಂಡು ಒಂದಾಗಿದ್ದವು. ಬೆಸುಗೆಯ ಗುರುತು ಇಂದಿಗೂ ಅಳಿದಿಲ್ಲ.

ಅಡುಗೆಮನೆಗೆ ಹತ್ತಿರದ ಉದಾಹರಣೆಯೊಂದನ್ನು ನಾವೇ ಸೇರಿಸಿಕೊಳ್ಳಬಹುದು. ಆಡು, ಹಸು, ನಾಯಿಗಳು ತಮಗೆ ಬೇಕಾದ ‘ಸಿ’ ಜೀವಸತ್ವವನ್ನು ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳುತ್ತವೆ. ನಮಗೆ ನೆಲ್ಲಿಕಾಯಿ, ನಿಂಬೆ, ಸೀಬೆ ಬೇಕು. ಅದನ್ನು ತಯಾರಿಸುವ ವಂಶವಾಹಿ ನಮ್ಮಲ್ಲಿ ಇಲ್ಲವೆಂದಲ್ಲ. ಇದೆ, ಆದರೆ ಕೆಟ್ಟುಹೋಗಿದೆ. ಕೋತಿಗಳಲ್ಲಿ ಮತ್ತು ವಾನರಗಳಲ್ಲಿಯೂ ಅದೇ ವಂಶವಾಹಿ ಕೆಟ್ಟಿದೆ. ಇಬ್ಬರು ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ ಸರಿಯುತ್ತರಗಳು ಒಂದೇ ಆಗಿದ್ದರೆ ಅಧ್ಯಾಪಕರು ಸಂಶಯಪಡುವುದಿಲ್ಲ. ಒಂದೇ ಜಾಗದಲ್ಲಿ ಒಂದೇ ತಪ್ಪು ಇದ್ದರೆ, ಎರಡೂ ಒಂದೇ ಮೂಲದಿಂದ ಬಂದವೆಂದು ತಿಳಿಯುತ್ತಾರೆ. ತಳಿವಿಜ್ಞಾನದ ವಾದದ ತಿರುಳು ಇಷ್ಟೇ.

ಇದನ್ನು ಕೇಳಿ ಗಾಬರಿಗೊಳ್ಳುವ ಅಗತ್ಯವಿಲ್ಲ. ಅನುವಂಶೀಯತೆಯ ನಿಯಮಗಳನ್ನು ಬಟಾಣಿ ಗಿಡಗಳಲ್ಲಿ ಕಂಡುಹಿಡಿದು 1866ರಲ್ಲಿ ಪ್ರಕಟಿಸಿದ ಗ್ರೆಗರ್ ಮೆಂಡೆಲ್ ಸಂತ ಅಗಸ್ಟೀನರ ಸಭೆಯ ಗುರುಗಳು. 1950ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ‘ಹ್ಯೂಮಾನಿ ಜೆನೆರಿಸ್’ ಎಂಬ ವಿಶ್ವಪರಿಪತ್ರದಲ್ಲಿ ಮಾನವ ದೇಹದ ವಿಕಾಸದ ಕುರಿತ ಅಧ್ಯಯನಕ್ಕೆ ಅವಕಾಶವಿತ್ತರು. ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾರೆಂಬ ಬೋಧನೆಯನ್ನು ಎತ್ತಿಹಿಡಿದರು. 1996ರಲ್ಲಿ ಸಂತ ಎರಡನೆಯ ಜಾನ್ ಪಾಲರು, ವಿಕಾಸವಾದವನ್ನು ಇನ್ನು ಕೇವಲ ಊಹೆಯೆಂದು ತಳ್ಳಿಹಾಕುವಂತಿಲ್ಲ ಎಂಬ ಅರ್ಥದ ಸಂದೇಶವನ್ನು ವಿಜ್ಞಾನ ಅಕಾಡೆಮಿಗೆ ಕಳುಹಿಸಿದರು. 2014ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಅದೇ ಅಕಾಡೆಮಿಯಲ್ಲಿ ಮಾತನಾಡುತ್ತಾ, ದೇವರನ್ನು ಮಂತ್ರದಂಡ ಹಿಡಿದ ಮಾಂತ್ರಿಕನಂತೆ ಕಲ್ಪಿಸಿಕೊಳ್ಳಬಾರದೆಂದು ಎಚ್ಚರಿಸಿದರು. ಹೀಗಿರುವಾಗ ನಮ್ಮ ಮಕ್ಕಳು ಪ್ರಯೋಗಾಲಯಕ್ಕೂ ಬಲಿಪೀಠಕ್ಕೂ ನಡುವೆ ಒಂದನ್ನೇ ಆರಿಸಿಕೊಳ್ಳಬೇಕೆಂದು ಒತ್ತಾಯಿಸುವವರು ಯಾರು? ಧರ್ಮಸಭೆಯಂತೂ ಅಲ್ಲ.

ಮುಂಬಾಗಿಲು ಮತ್ತು ಹಿತ್ತಿಲ ಬಾಗಿಲು

ಕಾಲಿನ್ಸ್ ಅವರು ಎರಡು ವಾದಗಳನ್ನು ನೇರವಾಗಿ ಎದುರಿಸುತ್ತಾರೆ. ಭೂಮಿ ಹತ್ತು ಸಾವಿರ ವರ್ಷಕ್ಕಿಂತ ಹಳೆಯದಲ್ಲ ಎನ್ನುವ ವಾದ ಒಂದು. ಜೀವಕೋಶದ ಕೆಲವು ಅಂಗಗಳು ಅತ್ಯಂತ ಜಟಿಲವಾಗಿರುವುದರಿಂದ ಅವು ವಿಕಾಸದಿಂದ ಬಂದಿರಲಾರವು, ಅಲ್ಲಿ ದೇವರ ಕೈ ನೇರವಾಗಿ ಪ್ರವೇಶಿಸಿರಲೇಬೇಕು ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಅವರು ಕೊಡುವ ಉತ್ತರ ಪುಸ್ತಕದ ಅತ್ಯುತ್ತಮ ಪುಟಗಳಲ್ಲಿ ಒಂದು. ವಿಜ್ಞಾನಕ್ಕೆ ಇನ್ನೂ ತಿಳಿಯದ ಸಂದುಗಳಲ್ಲಿ ದೇವರನ್ನು ಕೂರಿಸಿದರೆ, ಸಂದು ಮುಚ್ಚಿದಂತೆಲ್ಲ ಆ ದೇವರಿಗೆ ಸ್ಥಳ ಕಿರಿದಾಗುತ್ತಾ ಹೋಗುತ್ತದೆ. ಅಂಥ ವಾದ ವಿಶ್ವಾಸವನ್ನು ರಕ್ಷಿಸುವ ಬದಲು ಅದಕ್ಕೆ ಅವಮಾನ ತರುತ್ತದೆ ಎಂಬುದು ಅವರ ನಿಲುವು. ನಿಸರ್ಗದ ಸಂಗತಿಗಳ ಬಗ್ಗೆ ಕ್ರೈಸ್ತನು ತಿಳಿಯದೆ ಮಾತನಾಡಿ ಅನ್ಯರ ನಗೆಗೆ ಗುರಿಯಾದರೆ, ಅವರು ಪುನರುತ್ಥಾನದ ಕುರಿತು ನಮ್ಮ ಮಾತನ್ನು ಹೇಗೆ ನಂಬಿಯಾರು ಎಂದು ಸಂತ ಅಗಸ್ಟೀನರು ಶತಮಾನಗಳ ಹಿಂದೆಯೇ ಕೇಳಿದ್ದರು. ಕಾಲಿನ್ಸ್ ಅದೇ ಹಾದಿಯಲ್ಲಿ ನಡೆದಿದ್ದಾರೆ.

ಆದರೆ ನನ್ನ ಮುಖ್ಯ ಆಕ್ಷೇಪ ಹುಟ್ಟುವುದೂ ಇಲ್ಲಿಯೇ. ಮುಂಬಾಗಿಲಿಗೆ ಅಗುಳಿ ಹಾಕಿದ ಲೇಖಕರು ಹಿತ್ತಿಲ ಬಾಗಿಲನ್ನು ತೆರೆದಿಟ್ಟಿದ್ದಾರೆ. ದೇವರ ಅಸ್ತಿತ್ವಕ್ಕೆ ಅವರು ನೀಡುವ ಅತ್ಯಂತ ಪ್ರಬಲ ಆಧಾರ, ಲೂಯಿಸ್ ಅವರ ‘ಮಿಯರ್ ಕ್ರಿಶ್ಚಿಯಾನಿಟಿ’ಯಿಂದ ಪಡೆದ ನೈತಿಕ ನಿಯಮದ ವಾದ. ಒಳ್ಳೆಯದು ಕೆಟ್ಟದ್ದೆಂಬ ಅರಿವು ಎಲ್ಲ ಮನುಷ್ಯರಲ್ಲಿಯೂ ಇದೆ. ಪ್ರತಿಫಲ ಬಯಸದೆ ಅಪರಿಚಿತನಿಗಾಗಿ ತನ್ನನ್ನೇ ಕೊಟ್ಟುಕೊಳ್ಳುವ ಪ್ರೀತಿಯೂ ಮನುಷ್ಯರಲ್ಲಿ ಕಾಣುತ್ತದೆ. ಮದರ್ ತೆರೇಸಾ ಅವರನ್ನೂ, ಯೆಹೂದ್ಯರನ್ನು ಕಾಪಾಡಿದ ಆಸ್ಕರ್ ಷಿಂಡ್ಲರ್ ಅವರನ್ನೂ ಅವರು ಇಲ್ಲಿ ನೆನೆಯುತ್ತಾರೆ. ಇಂಥ ಪ್ರೀತಿಯನ್ನು ವಿಕಾಸವಾದ ವಿವರಿಸಲಾರದು, ಆದುದರಿಂದ ಇದು ದೇವರೇ ನಮ್ಮೊಳಗೆ ಇಟ್ಟ ಗುರುತು ಎಂಬುದು ಅವರ ತೀರ್ಮಾನ.

ಈ ತೀರ್ಮಾನದ ಕೊನೆಯ ಮಾತನ್ನು ನಾವೂ ಒಪ್ಪುತ್ತೇವೆ. ಅದಕ್ಕೆ ಅವರು ಏರಿದ ಮೆಟ್ಟಿಲಿನಲ್ಲಿ ಬಿರುಕಿದೆ. ‘ವಿಜ್ಞಾನ ಇದನ್ನು ವಿವರಿಸಲಾರದು, ಆದುದರಿಂದ ದೇವರು’ ಎಂಬುದು, ಅವರೇ ಬೇರೊಂದು ಅಧ್ಯಾಯದಲ್ಲಿ ಖಂಡಿಸಿದ ವಾದದ ರೂಪವೇ ಅಲ್ಲವೇ? ಜೀವಕೋಶದಲ್ಲಿ ಸಂದು ಹುಡುಕಬಾರದೆಂದವರು ಮನಸ್ಸಿನಲ್ಲಿ ಸಂದು ಹುಡುಕಿದ್ದಾರೆ. ಆ ಸಂದು ಈ ವರ್ಷಗಳಲ್ಲಿ ಕಿರಿದಾಗುತ್ತಾ ಬಂದಿದೆ.

2003ರಲ್ಲಿ ಸಾರಾ ಬ್ರಾಸ್ನನ್ ಮತ್ತು ಫ್ರಾನ್ಸ್ ಡಿ ವಾಲ್ ಎಂಬ ವಿಜ್ಞಾನಿಗಳು ಕಪುಚಿನ್ ಕೋತಿಗಳ ಮೇಲಿನ ಒಂದು ಅಧ್ಯಯನವನ್ನು ಪ್ರಕಟಿಸಿದರು. ಒಂದೇ ಕೆಲಸಕ್ಕೆ ಪಕ್ಕದ ಕೋತಿಗೆ ದ್ರಾಕ್ಷಿ ಕೊಟ್ಟು ತನಗೆ ಸೌತೆಕಾಯಿ ಕೊಟ್ಟರೆ, ಅದುವರೆಗೆ ಸೌತೆಕಾಯಿಯನ್ನು ತಿನ್ನುತ್ತಿದ್ದ ಕೋತಿ ಅನೇಕ ವೇಳೆ ಅದನ್ನು ನಿರಾಕರಿಸಿತು. 2011ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದವರು ಇಲಿಗಳ ಕುರಿತು ಬರೆದುದು ಇನ್ನೂ ಬೆರಗು ಹುಟ್ಟಿಸುತ್ತದೆ. ಇಕ್ಕಟ್ಟಾದ ಕೊಳವೆಯಲ್ಲಿ ಸಿಕ್ಕಿಕೊಂಡ ಜೊತೆಗಾರನನ್ನು ಕಂಡ ಇಲಿ, ಬಾಗಿಲು ತೆರೆಯುವುದನ್ನು ತಾನೇ ಕಲಿತು ಅದನ್ನು ಬಿಡಿಸಿತು. ಪಕ್ಕದಲ್ಲಿಯೇ ಚಾಕೊಲೇಟ್ ತುಂಬಿದ ಇನ್ನೊಂದು ಪೆಟ್ಟಿಗೆ ಇದ್ದಾಗಲೂ ಎರಡನ್ನೂ ತೆರೆದು, ಅನೇಕ ಸಲ ಚಾಕೊಲೇಟನ್ನು ಹಂಚಿಕೊಂಡಿತು. 2024ರಲ್ಲಿ ಕೀನ್ಯಾದ ಆನೆಗಳ ಧ್ವನಿಗಳನ್ನು ಪರಿಶೀಲಿಸಿದ ಸಂಶೋಧಕರು, ಆನೆಗಳು ಒಂದೊಂದನ್ನೂ ಹೆಸರಿನಂಥ ಬೇರೆ ಬೇರೆ ಧ್ವನಿಯಿಂದ ಕರೆಯುತ್ತವೆ, ತನ್ನನ್ನು ಕರೆದ ಧ್ವನಿಗೆ ಆನೆ ಹೆಚ್ಚಾಗಿ ಓಗೊಡುತ್ತದೆ ಎಂದು ವರದಿ ಮಾಡಿದರು.

ಇವುಗಳಿಂದ ಅತಿಯಾದ ತೀರ್ಮಾನಕ್ಕೆ ಧಾವಿಸಬಾರದು. ಇಲಿಯನ್ನು ಪ್ರೇರೇಪಿಸಿದ್ದು ಕರುಣೆಯೋ, ಜೊತೆ ಬೇಕೆಂಬ ಆಸೆಯೋ ಎಂಬ ಚರ್ಚೆ ವಿಜ್ಞಾನಿಗಳಲ್ಲಿಯೇ ಇದೆ. ಸೌತೆಕಾಯಿಯನ್ನು ಎಸೆದ ಕೋತಿ ತನಗಾದ ಅನ್ಯಾಯಕ್ಕೆ ಸಿಟ್ಟಾಯಿತೇ ಹೊರತು ಇನ್ನೊಬ್ಬರಿಗಾದ ಅನ್ಯಾಯಕ್ಕಲ್ಲ. ಇಲಿ ಸಂತನಲ್ಲ. ಆದರೂ ಒಂದು ಮಾತನ್ನು ಒಪ್ಪಲೇಬೇಕು: ಕಾಲಿನ್ಸ್ ಅವರು ಮನುಷ್ಯನ ಸುತ್ತ ಎಳೆದ ಗೆರೆ ಅವರು ಭಾವಿಸಿದಷ್ಟು ಗಟ್ಟಿಯಾಗಿಲ್ಲ. ನ್ಯಾಯ, ಕರುಣೆ, ಸಂಬಂಧಗಳ ಬೇರುಗಳು ನಮ್ಮ ಹುಟ್ಟಿಗಿಂತ ಎಷ್ಟೋ ಹಿಂದೆ ಪ್ರಾಣಿಲೋಕದ ಮಣ್ಣಿಗೆ ಇಳಿದಿವೆ. ದೇವರಿದ್ದಾರೆಂದು ನಂಬಲು ಪ್ರಾಣಿಗಳಲ್ಲಿ ಕರುಣೆ ಇರಬಾರದು ಎಂದು ನಿಮ್ಮ ಮಗನಿಗೆ ಕಲಿಸಿದ್ದರೆ, ಆ ಇಲಿಯ ಕಥೆಯನ್ನು ಓದಿದ ದಿನ ಅವನ ವಿಶ್ವಾಸ ಏನಾಗಬೇಕು?

ನಾವು ಹಿಡಿಯಬಹುದಾದ ದಾರಿ ಬೇರೆ ಇದೆ, ಅದು ನಮ್ಮ ಪರಂಪರೆಯಲ್ಲಿಯೇ ಇದೆ. ದೇವರು ಸೃಷ್ಟಿಯ ಸಂದುಗಳಲ್ಲಿ ಮಾತ್ರ ಕೆಲಸ ಮಾಡುವವರಲ್ಲ; ಸೃಷ್ಟಿಯ ಕಾರಣಗಳ ಮೂಲಕವೇ ಕೆಲಸ ಮಾಡುವವರು, ಸೃಷ್ಟಿಗೂ ಕಾರಣವಾಗುವ ಘನತೆಯನ್ನು ಕೊಟ್ಟವರು ಎಂದು ಸಂತ ತೋಮಸ್ ಅಕ್ವಿನಾಸರು ಬೋಧಿಸಿದರು. ತಾಯಿ ಮಗುವಿಗೆ ಹಾಲೂಡಿಸುವಾಗ ಆಕೆಯ ರಕ್ತದಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಹರಿಯುತ್ತದೆ. ಅದು ಮಮತೆಯನ್ನು ಬಲಪಡಿಸುತ್ತದೆ. ಇದು ತಿಳಿದ ಮಾತ್ರಕ್ಕೆ ತಾಯಿಯ ಪ್ರೀತಿ ಸುಳ್ಳಾಯಿತೇ? ದೇವರ ಕೊಡುಗೆ ಅಲ್ಲವೆಂದಾಯಿತೇ? ಕೊಡುಗೆ ಯಾವ ದಾರಿಯಿಂದ ಬಂತೆಂದು ತಿಳಿದರೆ ಕೊಟ್ಟವರು ಇಲ್ಲವಾಗುವುದಿಲ್ಲ. ಆದಿಕಾಂಡದ ಎರಡನೆಯ ಅಧ್ಯಾಯವನ್ನು ತೆರೆದು ನೋಡಿ: ಅಲ್ಲಿ ದೇವರು ಮನುಷ್ಯನನ್ನು ರೂಪಿಸುವುದು ಮಣ್ಣಿನಿಂದ, ಮೃಗಪಕ್ಷಿಗಳನ್ನು ರೂಪಿಸುವುದೂ ಅದೇ ಮಣ್ಣಿನಿಂದ. ಪ್ರಾಣಿಗಳೊಂದಿಗಿನ ನಮ್ಮ ನಂಟನ್ನು ಬೈಬಲ್ ಎಂದೂ ಮುಚ್ಚಿಟ್ಟಿರಲಿಲ್ಲ.

ಕಾಲ ಸೇರಿಸಿದ ಪುಟಗಳು

ಪುಸ್ತಕ ಹೊರಬಂದ ಮೇಲೆ ತಳಿವಿಜ್ಞಾನ ಬರೆದ ಹೊಸ ಪುಟಗಳನ್ನೂ ಓದುಗರು ಜೊತೆಗಿಟ್ಟುಕೊಳ್ಳಬೇಕು. 2003ರಲ್ಲಿ ಪೂರ್ಣಗೊಂಡಿತೆಂದ ಮಾನವ ಜಿನೋಮಿನಲ್ಲಿ ಸುಮಾರು 8 ಶೇಕಡಾ ಭಾಗ ಓದಲಾಗದೆ ಉಳಿದಿತ್ತು. ಅದು ಪ್ರಕಟವಾದದ್ದು 2022ರಲ್ಲಿ. ಆಧುನಿಕ ಮಾನವನ ಮೂಲವನ್ನು ಕಾಲಿನ್ಸ್ ಅವರು ಸುಮಾರು ಒಂದು ಲಕ್ಷ ವರ್ಷಗಳ ಆಸುಪಾಸಿನಲ್ಲಿ ಗುರುತಿಸಿದ್ದರು. 2017ರಲ್ಲಿ ಮೊರಾಕೋದ ಜೆಬೆಲ್ ಇರ್ಹೂದ್‌ನ ಮಾನವ ಅವಶೇಷಗಳು ಸುಮಾರು ಮೂರು ಲಕ್ಷ ವರ್ಷ ಹಳೆಯವೆಂದು ತಿಳಿದುಬಂತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದವರು ಸ್ವಾಂಟೆ ಪಾಬೊ. ಅವರ ತಂಡ 2010ರಲ್ಲಿ ನಿಯಾಂಡರ್ತಾಲ್ ಮಾನವರ ಮೂಳೆಗಳಿಂದ ಅವರ ಜಿನೋಮನ್ನು ಓದಿತು. ಆಫ್ರಿಕದ ಹೊರಗಿನ ಜನರೆಲ್ಲರ ಡಿ.ಎನ್.ಎ.ಯಲ್ಲಿ ಆ ಅಳಿದುಹೋದ ಮಾನವರ ಸಣ್ಣದೊಂದು ಪಾಲು, ಸುಮಾರು 2 ಶೇಕಡಾ, ಇಂದಿಗೂ ಉಳಿದಿದೆ. ಈ ಸಾಧನೆಗೆ ಪಾಬೊ ಅವರಿಗೆ 2022ರ ನೊಬೆಲ್ ಪ್ರಶಸ್ತಿ ದೊರೆಯಿತು. ಸೈಬೀರಿಯದ ಡೆನಿಸೋವಾ ಗುಹೆಯಲ್ಲಿ ಸಿಕ್ಕಿದ ಮೂಳೆಯ ಚೂರೊಂದು ಸುಮಾರು 90,000 ವರ್ಷಗಳ ಹಿಂದಿನ ಹುಡುಗಿಯದು. ಆಕೆಯ ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವನ್ ಎಂಬ ಮತ್ತೊಂದು ಮಾನವ ಗುಂಪಿನವನು ಎಂದು 2018ರಲ್ಲಿ ತಿಳಿದುಬಂತು. ಇದು ನಮಗೆ ಸಂಬಂಧವಿಲ್ಲದ ದೂರದ ಸುದ್ದಿಯೇನೂ ಅಲ್ಲ. ಕೋವಿಡ್ ರೋಗವನ್ನು ಉಲ್ಬಣಗೊಳಿಸುವ ಅಪಾಯವಿರುವ ಒಂದು ಡಿ.ಎನ್.ಎ. ತುಣುಕು ನಿಯಾಂಡರ್ತಾಲರಿಂದ ಬಂದದ್ದೆಂದೂ, ದಕ್ಷಿಣ ಏಷ್ಯಾದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಅದು ಇದೆಯೆಂದೂ ಪಾಬೊ ಮತ್ತು ಹ್ಯೂಗೋ ಜೆಬೆರ್ಗ್ ಅವರು 2020ರಲ್ಲಿ ತೋರಿಸಿದರು. ವಯಸ್ಸು ಮತ್ತು ಇತರ ಕಾಯಿಲೆಗಳಂತೆ ಅದೂ ಒಂದು ಕಾರಣ ಮಾತ್ರ. ಆದರೂ ಎಷ್ಟೋ ಸಾವಿರ ವರ್ಷಗಳ ಹಿಂದಿನ ಬಂಧುತ್ವದ ಫಲ ನಮ್ಮ ಮನೆಗಳವರೆಗೂ ಬಂದಿತೆಂಬುದು ಯೋಚಿಸಬೇಕಾದ ವಿಷಯ.

ಇಲ್ಲಿ ಕಾಲಿನ್ಸ್ ಅವರ ಪುಸ್ತಕದ ಎರಡನೆಯ ಕೊರತೆ ಕಾಣುತ್ತದೆ. ನಮ್ಮ ಪೂರ್ವಜರ ಸಂಖ್ಯೆ ಎಂದೂ ಇಬ್ಬರಿಗೆ ಇಳಿದಿರಲಿಲ್ಲ, ಸುಮಾರು ಹತ್ತು ಸಾವಿರದಷ್ಟಿತ್ತು ಎಂದು ಅವರು ತಿಳಿಸುತ್ತಾರೆ. ಆದರೆ ಹಾಗಾದರೆ ಆದಾಮ ಹವ್ವರ ಬಗ್ಗೆ, ಆದಿಪಾಪದ ಬಗ್ಗೆ ಏನು ಹೇಳಬೇಕೆಂಬುದನ್ನು ಕೆಲವೇ ಪುಟಗಳಲ್ಲಿ ದಾಟಿಬಿಡುತ್ತಾರೆ. ‘ಹ್ಯೂಮಾನಿ ಜೆನೆರಿಸ್’ ಈ ವಿಷಯದಲ್ಲಿಯೇ ಎಚ್ಚರಿಕೆಯ ಮಾತನ್ನು ಆಡಿತ್ತು. ದೈವಶಾಸ್ತ್ರಜ್ಞರು ಇಂದಿಗೂ ಇದರ ಮೇಲೆ ಶ್ರಮಿಸುತ್ತಿದ್ದಾರೆ. ಸಾಮಾನ್ಯ ಕುಟುಂಬವನ್ನು ಹೆಚ್ಚು ಕಾಡುವ ಪ್ರಶ್ನೆ ಇದೇ ಆಗಿರುವಾಗ, ಲೇಖಕರು ಇಲ್ಲಿ ಇನ್ನಷ್ಟು ನಿಲ್ಲಬೇಕಿತ್ತು. ಆದಿಕಾಂಡದ ಆ ಅಧ್ಯಾಯಗಳು ಮನುಷ್ಯನು ದೇವರ ಸ್ವರೂಪದಲ್ಲಿ ಉಂಟಾದವನು, ಅವನು ತನ್ನ ಸ್ವಾತಂತ್ರ್ಯವನ್ನು ದುರುಪಯೋಗಪಡಿಸಿಕೊಂಡನು, ಅವನಿಗೆ ರಕ್ಷಕನು ಬೇಕು ಎಂಬ ಸತ್ಯಗಳನ್ನು ಸಾರುತ್ತವೆ. ಮನುಷ್ಯನು ಪಾಪಿ ಎಂಬುದನ್ನು ಸಾಬೀತುಪಡಿಸಲು ಯಾವ ಪ್ರಯೋಗಾಲಯವೂ ಬೇಕಿಲ್ಲ, ದಿನಪತ್ರಿಕೆ ಸಾಕು.

ಇನ್ನೊಂದು ಎಚ್ಚರಿಕೆಯನ್ನು ಕಥೋಲಿಕ ಓದುಗರಿಗೆ ಹೇಳಲೇಬೇಕು. ವೈದ್ಯಕೀಯ ನೀತಿಯ ಕುರಿತ ಪುಸ್ತಕದ ಅನುಬಂಧದಲ್ಲಿ, ಕಾಂಡಕೋಶ ಸಂಶೋಧನೆ ಮತ್ತು ಭ್ರೂಣಗಳ ವಿಷಯದಲ್ಲಿ ಲೇಖಕರು ತೋರುವ ಸಡಿಲಿಕೆ ಧರ್ಮಸಭೆಯ ಬೋಧನೆಗೆ ಹೊಂದುವುದಿಲ್ಲ. 2008ರಲ್ಲಿ ವ್ಯಾಟಿಕನ್ ಪ್ರಕಟಿಸಿದ ‘ದಿಗ್ನಿತಾಸ್ ಪೆರ್ಸೋನೆ’ ಎಂಬ ದಸ್ತಾವೇಜು ಮಾನವ ಭ್ರೂಣವನ್ನು ಆರಂಭದಿಂದಲೇ ವ್ಯಕ್ತಿಯಂತೆ ಗೌರವಿಸಬೇಕೆಂದು ಹೇಳುತ್ತದೆ. ವಂಶವಾಹಿಯ ಅಕ್ಷರಗಳನ್ನು ಓದುವುದರಿಂದ ತಿದ್ದುವುದಕ್ಕೆ ವಿಜ್ಞಾನ ದಾಟಿದೆ; 2018ರಲ್ಲಿ ಚೀನಾದ ವಿಜ್ಞಾನಿಯೊಬ್ಬರು ಭ್ರೂಣದಲ್ಲಿಯೇ ವಂಶವಾಹಿ ತಿದ್ದಿದ ಮಕ್ಕಳು ಹುಟ್ಟಿರುವುದಾಗಿ ಪ್ರಕಟಿಸಿದಾಗ ಲೋಕವೇ ಬೆಚ್ಚಿತು. ಕಾಲಿನ್ಸ್ ಅವರೂ ಅದನ್ನು ಖಂಡಿಸಿದರೆಂಬುದನ್ನು ನೆನೆಯುವುದು ನ್ಯಾಯ.

ಮನೆಯಲ್ಲಿ ಏನು ಹೇಳೋಣ?

2023ರಲ್ಲಿ ಎನ್.ಸಿ.ಇ.ಆರ್.ಟಿ.ಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಿರುವುದು ಸುದ್ದಿಯಾಯಿತು. ಅದನ್ನು ವಿರೋಧಿಸಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಮಾಡಿದರು. ಕಷ್ಟದ ಪ್ರಶ್ನೆ ಬರುವುದಿಲ್ಲವಲ್ಲ ಎಂದು ನಮ್ಮಲ್ಲಿ ಯಾರಾದರೂ ಸಮಾಧಾನಪಟ್ಟಿದ್ದರೆ, ಅದು ಹುಸಿ ಸಮಾಧಾನ. ಪಾಠವನ್ನು ಕಿತ್ತುಹಾಕಿದರೆ ಪ್ರಶ್ನೆ ಸಾಯುವುದಿಲ್ಲ. ಮಗು ಅದನ್ನು ನಮ್ಮಲ್ಲಿ ಕೇಳುವ ಬದಲು ಬೇರೆಯವರಲ್ಲಿ ಕೇಳುತ್ತದೆ, ಅಷ್ಟೇ.

ಆದುದರಿಂದ ‘ದೇವರ ಭಾಷೆ’ಯನ್ನು ಓದಿರಿ, ಕಾಲೇಜಿಗೆ ಹೋಗುವ ಮಕ್ಕಳ ಕೈಗೂ ಕೊಡಿರಿ. ವಿಜ್ಞಾನವೂ ಪ್ರಾರ್ಥನೆಯೂ ಒಂದೇ ಎದೆಯಲ್ಲಿ ವಾಸಿಸಬಲ್ಲವು ಎಂಬುದಕ್ಕೆ ಲೇಖಕರ ಬದುಕೇ ಅದರ ವಾದಗಳಿಗಿಂತ ದೊಡ್ಡ ಸಾಕ್ಷಿ. ನೈತಿಕ ನಿಯಮದ ಅಧ್ಯಾಯಕ್ಕೆ ಬಂದಾಗ ಮಾತ್ರ ಸ್ವಲ್ಪ ನಿಂತು, ಮಕ್ಕಳೊಡನೆ ಮಾತನಾಡಿರಿ. ಕರುಣೆ ಎಲ್ಲಿಂದ ಬಂತೆಂದು ತಿಳಿಯುವ ಕೆಲಸವನ್ನು ವಿಜ್ಞಾನಿಗಳು ಮುಂದುವರಿಸಲಿ. ಅವರು ಕಂಡುಕೊಂಡದ್ದೆಲ್ಲ ಸೃಷ್ಟಿಕರ್ತನ ಕೆಲಸದ ವಿವರವೇ ಆಗಿರುತ್ತದೆ. ಯೇಸುಸ್ವಾಮಿಯನ್ನು ಧರ್ಮಶಾಸ್ತ್ರಿ ‘ನನ್ನ ನೆರೆಯವನು ಯಾರು’ ಎಂದು ಕೇಳಿದಾಗ, ಸ್ವಾಮಿ ಕರುಣೆಯ ಮೂಲದ ಕುರಿತು ಪ್ರವಚನ ಕೊಡಲಿಲ್ಲ. ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಕಂಡು ಕನಿಕರಪಟ್ಟ ಸಮಾರಿಯದವನ ಕಥೆಯನ್ನು ಹೇಳಿ, ನೀನೂ ಹಾಗೆಯೇ ಮಾಡು ಎಂದು ಕಳುಹಿಸಿದರು. ಸಿಕ್ಕಿಕೊಂಡ ಜೊತೆಗಾರನಿಗೆ ಬಾಗಿಲು ತೆರೆಯುವುದನ್ನು ಇಲಿಯೂ ಕಲಿಯಬಲ್ಲದು. ಪರಕೀಯನಿಗೆ, ಶತ್ರುವಿಗೆ, ತಿಳಿದೂ ತಿಳಿದು ಬಾಗಿಲು ತೆರೆಯಬೇಕೆಂಬ ಕರೆ ಬಂದಿರುವುದು ನಮಗೆ. ಆ ಕರೆಗೆ ನಮ್ಮ ಮನೆಗಳಲ್ಲಿ ಓಗೊಡುವುದನ್ನು ಮಕ್ಕಳು ಕಂಡರೆ, ಜೀವಶಾಸ್ತ್ರದ ಯಾವ ಅಧ್ಯಾಯಕ್ಕೂ ಅವರು ಹೆದರಬೇಕಾಗಿಲ್ಲ.